ಬಿಸಿಲು ಕಾಣದ ಮಳೆಗಾಲದಲ್ಲಿ ಪಾಲಿಹೌಸ್ ತರಕಾರಿ

ಆರಿದ್ರ ಮಳೆ ಹಿಡಿದು ನಾಲ್ಕನೇ ದಿನ. ಬೆಳಿಗ್ಗೆ ಆರೂವರೆಗೆ, ಪ್ಲಾಸ್ಟಿಕ್ ಶೀಟು ಹೊದಿಸಿದ ನಮ್ಮ ಪಾಲಿಹೌಸಿನ ಬಾಗಿಲು ಸರಿಸಿದರೆ ಹೊರಗಿನ ಮಳೆ ಒಳಗೂ ಬಂದ ಹಾಗಿತ್ತು. ಶೀಟಿನ ಒಳಮೈ ತುಂಬ ಮಣಿ ಪೋಣಿಸಿದಂತೆ ಹನಿಗಳು. ಟೊಮೆಟೊ ಕಟ್ಟಿದ ತಂತಿಗೆ ಭುಜ ತಾಗಿದ್ದೇ ತಡ, ಬೆನ್ನ ಮೇಲೆ ತಣ್ಣಗೆ ಸುರಿಯಿತು. "ಅಣ್ಣಾ, ಪಕ್ಕದ ಪರದೆ ಪೂರ್ತಿ ಮುಚ್ಚಿಬಿಡುವ, ಗಿಡಕ್ಕೆ ಥಂಡಿ ಹೊಡೀತದೆ" ಅಂದ ನಮ್ಮ ಕೆಲಸದ ಹುಡುಗ. ಅವನು ಕಂಬಳಿಕೊಪ್ಪೆಯಲ್ಲಿ ನಡುಗುತ್ತಿದ್ದ, ನಾನು ಎರಡು ಸ್ವೆಟರಿನಲ್ಲಿದ್ದೆ. ಮಾತು ಸರಿ ಅನ್ನಿಸಿತು, ಮುಚ್ಚಿದೆವು. ಒಂದು ವಾರ ಕಳೆದು ಬಾಗಿಲು ತೆಗೆದಾಗ ಕೊಳೆತ ಆಲೂಗಡ್ಡೆ ಮೂಟೆ ಬಿಚ್ಚಿದಂಥ ವಾಸನೆ. ಐದು ಗುಂಟೆ ಟೊಮೆಟೊ ಅಂಗಮಾರಿ ರೋಗಕ್ಕೆ ಹೋಗಿತ್ತು.

ಅದು ನನ್ನ ಮೊದಲ ಮಳೆಗಾಲ. ಆಮೇಲೆ ಗೊತ್ತಾಗಿದ್ದು ಇಷ್ಟು: ಚಳಿ ಆಗುತ್ತಿದ್ದುದು ನಮಗೆ, ಗಿಡಕ್ಕಲ್ಲ. ಜುಲೈನಲ್ಲಿ ಚಿಕ್ಕಮಗಳೂರು ಕಡೆ ರಾತ್ರಿ ಹೆಚ್ಚುಕಮ್ಮಿ 18 ಡಿಗ್ರಿ, ಹಗಲು 24ರ ಆಸುಪಾಸು. ಟೊಮೆಟೊಗೆ, ದೊಣ್ಣೆ ಮೆಣಸಿಗೆ, ಸೌತೆಗೆ ಇದರಲ್ಲಿ ಬದುಕಲು ಏನೂ ತೊಂದರೆಯಿಲ್ಲ. ಕೊರತೆ ಇರುವುದು ಬೆಳಕಿಗೆ, ವಿಪರೀತ ಇರುವುದು ತೇವ. ಬೆಳಕು ಕಮ್ಮಿಯಾದ ಗಿಡ ಅರೆಹೊಟ್ಟೆಯಲ್ಲಿರುವ ಹಾಗೆ. ಅದರಿಂದ ಪೂರ್ತಿ ಕೆಲಸ ತೆಗೆಯಲು ಹೋದರೆ ಕುಸಿಯುತ್ತದೆ. ಮುಂದೆ ಹೇಳುವ ಪ್ರತಿ ಕೆಲಸದ ಹಿಂದೆಯೂ ಇದೇ ಲೆಕ್ಕ ಇದೆ.

ನಾನು ಬರೆಯುತ್ತಿರುವುದು ಮೂಡಿಗೆರೆ ಸೀಮೆಯಿಂದ. ಸಕಲೇಶಪುರ, ಕೊಪ್ಪ, ಶೃಂಗೇರಿ, ಆಲೂರಿನ ಪಶ್ಚಿಮ ಭಾಗದವರಿಗೆ ಇದು ಹಾಗೇ ಹೊಂದುತ್ತದೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮೋಡ ಕವಿದರೂ ಮಳೆ ಅಷ್ಟಿಲ್ಲ, ಗಾಳಿ ಜೋರು. ಅವರು ಗಾಳಿಯ ಭಾಗವನ್ನು ಅರ್ಧ ಬಿಟ್ಟು ಬೆಳಕಿನ ಭಾಗ ಓದಿಕೊಂಡರೆ ಸಾಕು.

ಮೇ ಮುಗಿಯುವುದರೊಳಗೆ

ಮೊದಲು ಶೇಡ್ ನೆಟ್ ತೆಗೆಯಿರಿ. ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಹೆದರಿ ಒಳಗೆ ಎಳೆದ ಹಸಿರು ನೆಟ್ಟನ್ನು ಮಳೆ ಶುರುವಾದ ಮೇಲೂ ಮರೆತವರು ಎಷ್ಟು ಜನ! 50 ಪರ್ಸೆಂಟ್ ನೆಟ್ ಅಂದರೆ ಬರುವ ಬೆಳಕಿನಲ್ಲಿ ಅರ್ಧಕ್ಕೆ ಕತ್ತರಿ. ಮೋಡದ ದಿನ ಬರುವುದೇ ಪಾವು, ಅದರಲ್ಲಿ ಅರ್ಧ ಪಾವು ನೆಟ್ಟಿಗೆ ಕೊಟ್ಟರೆ ಗಿಡಕ್ಕೆ ಉಳಿಯುವುದೇನು?

ಆಮೇಲೆ ಶೀಟು ತೊಳೆಯಿರಿ. ಹೊಸ 200 ಮೈಕ್ರಾನ್ ಶೀಟು ನೂರಕ್ಕೆ ಎಂಬತ್ತೈದು, ತೊಂಬತ್ತು ಭಾಗ ಬೆಳಕು ಒಳಗೆ ಬಿಡುತ್ತದೆ. ಎರಡು ವರ್ಷದ ಧೂಳು, ಪಾಚಿ, ಸಿಲ್ವರ್ ಓಕ್ ಎಲೆಯ ಕಲೆ ಕೂತ ಶೀಟು ಅಷ್ಟು ಬಿಡುವುದಿಲ್ಲ. ಹಾಲೆಂಡಿನ ಗಾಜುಮನೆ ಬೆಳೆಗಾರರಲ್ಲಿ ಒಂದು ಲೆಕ್ಕವಿದೆ, ಬೆಳಕು ಒಂದು ಪರ್ಸೆಂಟ್ ಕಮ್ಮಿಯಾದರೆ ಇಳುವರಿ ಒಂದು ಪರ್ಸೆಂಟ್ ಕಮ್ಮಿ ಅಂತ. ಮೋಡ ಸರಿಸುವುದು ನಮ್ಮ ಕೈಲಿಲ್ಲ, ಪಾಚಿ ತೊಳೆಯುವುದು ಇದೆ. ಮೆತ್ತನೆ ಬಟ್ಟೆ ಸುತ್ತಿದ ಉದ್ದ ಬಿದಿರು, ಸೋಪು ನೀರು, ಪೈಪು ಇದ್ದರೆ ಆಯಿತು. ಗಟ್ಟಿ ಬ್ರಷ್ ಹಾಕಿ ಗೀರಬೇಡಿ, ಗೀರಿನಲ್ಲೇ ಮುಂದಿನ ಪಾಚಿ ಕೂರುವುದು. ಒಳಮೈಯನ್ನೂ ತೊಳೆಯಿರಿ. ಪಕ್ಕದ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡಿಸುವಾಗಲೇ ಪಾಲಿಹೌಸಿಗೆ ನೆರಳು ಬೀಳಿಸುವ ಕೊಂಬೆಗಳನ್ನೂ ಇಳಿಸಿಬಿಡಿ. ಅದಕ್ಕೇ ಅಂತ ಮತ್ತೆ ಆಳು ಕರೆದರೆ ಯಾರೂ ಬರುವುದಿಲ್ಲ.

ಮಡಿ ಎತ್ತರಿಸಿ. ಬೇಸಿಗೆಗೆ ಅರ್ಧ ಅಡಿ ಏರುಮಡಿ ನಡೆಯುತ್ತದೆ, ಮಳೆಗಾಲಕ್ಕೆ ಒಂದಡಿ, ಒಂದೂಕಾಲು ಅಡಿ ಬೇಕು. ಮೇಲಿಂದ ಮಳೆ ಬೀಳದಿದ್ದರೂ ನಮ್ಮ ಕಡೆ ಜುಲೈನಲ್ಲಿ ನೆಲದೊಳಗಿಂದಲೇ ಒರತೆ ಏಳುತ್ತದೆ. ಸುತ್ತ ಎರಡಡಿ ಆಳದ ಬಸಿಗಾಲುವೆ ತೆಗೆದು, ಇಳಿಜಾರಿನ ಕಡೆಗೆ ಬಾಯಿ ಬಿಡಿ. ಮಲೆನಾಡಿನ ಮಣ್ಣು ಹುಳಿ ಮಣ್ಣು, ಮಣ್ಣು ಪರೀಕ್ಷೆಯ ಚೀಟಿ ನೋಡಿ ಸುಣ್ಣವನ್ನೋ ಡೋಲೋಮೈಟನ್ನೋ ನಾಟಿಗೆ ಎರಡು ಮೂರು ವಾರ ಮೊದಲೇ ಬೆರೆಸಬೇಕು. ಸುಣ್ಣ, ಕೊಟ್ಟಿಗೆ ಗೊಬ್ಬರ ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಮಾಡಿನ ಅಂಚಿಗೆ ಮಳೆನೀರು ಹಿಡಿದು ಸಾಗಿಸುವ ದೋಣಿ ಕಟ್ಟಿಸಿದ್ದೀರಾ? ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಐದು ಗುಂಟೆ ಸುಮಾರು 500 ಚದರ ಮೀಟರ್. 2000 ಮಿ.ಮೀ. ಮಳೆಗೆ ಆ ಮಾಡಿನಿಂದ ಇಳಿಯುವ ನೀರು ಹತ್ತು ಲಕ್ಷ ಲೀಟರ್. ದೋಣಿ ಇಲ್ಲದಿದ್ದರೆ ಅಷ್ಟೂ ನೀರು ನಿಮ್ಮ ಹೊರಮಡಿಯ ಬುಡಕ್ಕೇ ಬೀಳುತ್ತದೆ.

ಇದನ್ನೆಲ್ಲ ಜೂನ್ ಮೊದಲ ವಾರಕ್ಕೆ ಇಟ್ಟುಕೊಳ್ಳಬೇಡಿ. ಕೇರಳಕ್ಕೆ ಮಾಮೂಲಿ ಜೂನ್ 1ಕ್ಕೆ ಬರುವ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂತು. ನಮ್ಮ ಕಡೆ ಬೇಸಿಗೆ ಅರ್ಧಕ್ಕೇ ಮುರಿದುಬಿತ್ತು. ಆ ವರ್ಷ ನನ್ನ ಶೀಟಿನ ಅರ್ಧ ಭಾಗ ತೊಳೆಯದೇ ಉಳಿಯಿತು. ತೊಳೆದ ಕಡೆ, ತೊಳೆಯದ ಕಡೆ ಗಿಡಗಳ ನಡುವಿನ ವ್ಯತ್ಯಾಸವನ್ನು ಆಗಸ್ಟಿನಲ್ಲಿ ದಾರಿಯಲ್ಲಿ ಹೋಗುವವರೂ ಕೇಳುತ್ತಿದ್ದರು.

ಏನು ಹಾಕುವುದು

ಸೌತೆಗೆ ಮೊದಲ ಮಣೆ. ಪಾಲಿಹೌಸಿಗೆಂದೇ ಬರುವ ಬೀಜರಹಿತ ಸೌತೆ ತಳಿಗಳಿಗೆ ಪರಾಗಸ್ಪರ್ಶ ಬೇಡ. ಜೇನು ಹೊರಗೆ ಬರದ ದಿನಗಳಲ್ಲೂ ಕಾಯಿ ಕಚ್ಚುತ್ತದೆ. ಬಿತ್ತಿ ನಲವತ್ತು ದಿನಕ್ಕೆಲ್ಲ ಕೊಯ್ಲು ಶುರು. ಬೀಜ ದುಬಾರಿ, ಆದರೆ ಹಣ ಬೇಗ ತಿರುಗುತ್ತದೆ, ರೋಗ ಬಂದು ಕಿತ್ತರೂ ಆರು ತಿಂಗಳ ಶ್ರಮ ಹೋಗುವುದಿಲ್ಲ.

ಎರಡನೆಯದು ಸೊಪ್ಪು. ಜುಲೈನಲ್ಲಿ ಬಯಲಿನ ಕೊತ್ತಂಬರಿ ಮಳೆಗೆ ಕೊಳೆತು, ಪೇಟೆಯಲ್ಲಿ ಕಟ್ಟಿನ ಬೆಲೆ ಕೇಳುವ ಹಾಗಿರುವುದಿಲ್ಲ. ಆಗ ಎರಡು ಮಡಿ ಕೊತ್ತಂಬರಿ, ಒಂದು ಮಡಿ ಮೆಂತ್ಯ ಇಟ್ಟವರು ಪುಣ್ಯವಂತರು. ಪಾಲಕ್ ಕೂಡ ಆಗುತ್ತದೆ. ಹರಿವೆ ಬೇಡ, ಅದಕ್ಕೆ ಬಿಸಿಲೇ ಊಟ.

ದೊಣ್ಣೆ ಮೆಣಸು ಹಾಕುವುದಾದರೆ ಹಸಿರು ಕಾಯಿಯ ಇಂದ್ರ ತಳಿಯಂಥದ್ದು ಮಳೆಗಾಲಕ್ಕೆ ವಾಸಿ. ಹಳದಿ, ಕೆಂಪು ಬಣ್ಣ ತಿರುಗಲು ಕಾಯಿ ಗಿಡದಲ್ಲೇ ಇನ್ನೂ ಮೂರ್ನಾಲ್ಕು ವಾರ ಕೂರಬೇಕು, ಕೂತಷ್ಟೂ ಕೊಳೆ. ನಾಟಿ ಏಪ್ರಿಲ್ ಕೊನೆಗೇ ಮುಗಿದಿರಬೇಕು, ಬೇರು ಇಳಿದು ಗಿಡ ನಿಂತ ಮೇಲೆ ಮೋಡ ಬಂದರೆ ತಡೆದುಕೊಳ್ಳುತ್ತದೆ.

ಟೊಮೆಟೊ? ಜೂನ್, ಜುಲೈನಲ್ಲಿ ನಾಟಿ ಮಾಡಬೇಡಿ ಅನ್ನುತ್ತೇನೆ. ಆದರೂ ಮನಸ್ಸು ತಡೆಯದು, ನನಗೂ ತಡೆಯುವುದಿಲ್ಲ. ಹಾಕುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಭೇದ್ ನೋಡಿ. ಅರ್ಕಾ ರಕ್ಷಕ್ ಎಲೆಮುದುರು ನಂಜು, ದುಂಡಾಣು ಸೊರಗು, ಮೊದಲ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನು ತಡೆಯುವ ತಳಿ. ಅಭೇದ್‌ಗೆ ಅವುಗಳ ಜೊತೆಗೆ ಮಳೆಗಾಲದಲ್ಲಿ ಕಾಡುವ ಕೊನೆ ಅಂಗಮಾರಿಯನ್ನು (ಲೇಟ್ ಬ್ಲೈಟ್) ತಡೆಯುವ ಶಕ್ತಿಯೂ ಇದೆ. ತಡೆಯುವುದು ಅಂದರೆ ಬರುವುದೇ ಇಲ್ಲ ಎಂದಲ್ಲ, ಬಂದರೂ ನಿಮಗೆ ಕೈ ಆಡಿಸಲು ನಾಲ್ಕು ದಿನ ಸಿಗುತ್ತದೆ. ದುಂಡಾಣು ಸೊರಗು ಹಿಂದೆ ಬಂದ ನೆಲವಾದರೆ ಬದನೆ ಬೇರಿನ ಮೇಲೆ ಕಸಿ ಕಟ್ಟಿದ ಟೊಮೆಟೊ ಸಸಿ ತನ್ನಿ.

ಯಾವುದನ್ನು ಹಾಕಿದರೂ ಅಂತರ ಹೆಚ್ಚಿಸಿ. ಗಿಡದಿಂದ ಗಿಡಕ್ಕೆ ಒಂದಡಿ ಇಡುವ ದೊಣ್ಣೆ ಮೆಣಸಿಗೆ ಒಂದೂವರೆ, ಒಂದೂವರೆ ಇಡುವ ಟೊಮೆಟೊಗೆ ಎರಡು. ಗಿಡ ಕಮ್ಮಿಯಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ, ನಿಜ. ಒತ್ತಾಗಿ ಹಾಕಿದ ಗಿಡ ಒಂದರ ನೆರಳಲ್ಲಿ ಒಂದು ನಿಂತು ಎರಡೂ ಬೆಳೆಯುವುದಿಲ್ಲ.

ಸಸಿಯನ್ನು ಇಲ್ಲೇ ಮಾಡಲು ಹೋಗಬೇಡಿ. ಮೋಡದಲ್ಲಿ ಮೊಳೆತ ಸಸಿ ಬೆಳಕು ಹುಡುಕಿ ದಾರದಂತೆ ಉದ್ದವಾಗುತ್ತದೆ, ಕುತ್ತಿಗೆಯಲ್ಲಿ ಕೊಳೆತು ಮಲಗುತ್ತದೆ. ಹಾಸನದ ಪೂರ್ವಕ್ಕೆ, ಬಿಸಿಲಿರುವ ಕಡೆಯ ನರ್ಸರಿಯಲ್ಲಿ ಬೆಳೆಸಿದ 25, 30 ದಿನದ ಪ್ರೋಟ್ರೇ (ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಸಸಿ ತಂದರೆ ಗಿಡದ ಬಾಲ್ಯ ಚೆನ್ನಾಗಿರುತ್ತದೆ. ಸೌತೆ ಮಾತ್ರ ನೇರ ಬಿತ್ತಬಹುದು.

ಪರದೆ ಮತ್ತು ಗಾಳಿ

ನೈಋತ್ಯ ಮಾರುತದ ಇರಚಲು ಹೊಡೆಯುವುದು ಪಶ್ಚಿಮದಿಂದ. ಮೇಲಿನ ಗಾಳಿಕಿಂಡಿ ಪೂರ್ವಕ್ಕೆ ಬಾಯಿ ತೆರೆದಿರಬೇಕು. ಹೊಸದಾಗಿ ಕಟ್ಟಿಸುವವರು ಫ್ಯಾಬ್ರಿಕೇಟರಿಗೆ ಇದನ್ನು ಬಾಯಿಬಿಟ್ಟು ಹೇಳಿ. ನಮ್ಮದನ್ನು ಕಟ್ಟಿದವರು ಪಶ್ಚಿಮಕ್ಕೆ ತಿರುಗಿಸಿ ಹೋದರು, ಮೂರು ಮಳೆಗಾಲ ಒಳಗೆ ಕೊಡೆ ಹಿಡಿದು ಓಡಾಡಿದ್ದೇವೆ.

ಪಕ್ಕದ ಪರದೆ ಹೀಗೆ: ಪೂರ್ವದ್ದು ಹಗಲಿಡೀ ತೆರೆದಿರಲಿ, ಮಳೆ ಹುಯ್ಯುತ್ತಿದ್ದರೂ. ಪಶ್ಚಿಮದ್ದನ್ನು ಗಿಡದೆತ್ತರಕ್ಕೆ ಮುಚ್ಚಿ, ಮಾಡಿನ ಕೆಳಗೆ ಒಂದಡಿ ಸಂದಿ ಬಿಡಿ. ರಾತ್ರಿಯೂ ಪೂರ್ತಿ ಮುಚ್ಚಬೇಡಿ. ಗಾಳಿಮಳೆ ಶೀಟು ಹರಿಯುವ ಹಾಗಿದ್ದರೆ ಮುಚ್ಚಿ, ನಿಂತ ತಕ್ಷಣ ಎತ್ತಿ.

"ಹೊರಗೂ ನೂರಕ್ಕೆ ನೂರು ತೇವ ಮಾರಾಯ್ರೆ, ತೆರೆದು ಏನು ಲಾಭ?" ಅಂತ ಕೇಳುವವರು ಇದ್ದಾರೆ. ಒಳ್ಳೆ ಪ್ರಶ್ನೆ. 18 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹಿಡಿಯುವುದು ಹೆಚ್ಚೆಂದರೆ 15 ಗ್ರಾಂ ಚಿಲ್ಲರೆ ನೀರಾವಿ. ಅದೇ ಗಾಳಿ ಒಳಗೆ ಬಂದು 22 ಡಿಗ್ರಿಗೆ ಬಿಸಿಯಾದರೆ 19 ಗ್ರಾಂ ದಾಟಿ ಹಿಡಿಯಬಲ್ಲದು. ನೂರು ಇದ್ದ ತೇವ ಎಂಬತ್ತರ ಹತ್ತಿರ ಇಳಿಯಿತು, ಒಂದು ಗ್ರಾಂ ನೀರನ್ನೂ ತೆಗೆಯದೆ. ಆ ಗಾಳಿ ಎಲೆಯ ತೇವ ಹೀರಿಕೊಂಡು ಹೊರಗೆ ಹೋಗಬೇಕು, ಹೊಸದು ಬರಬೇಕು. ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗುವುದು ಹೀಗೇ. ಆದರೆ ಅಡುಗೆಮನೆಯ ಕಿಟಕಿ, ಹೊಗೆಗಂಡಿ ಎರಡನ್ನೂ ಮುಚ್ಚಿ ನೋಡಿ, ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ಪಾಲಿಹೌಸಿನಲ್ಲಿ ನಾನು ಮಾಡಿದ್ದು ಅದನ್ನೇ.

ಒಲೆ ಅಂದೆ ಅಂತ ಒಳಗೆ ಕೆಂಡ, ಹೊಗೆ ಹಾಕಬೇಡಿ. ಸರಿಯಾಗಿ ಉರಿಯದ ಸೌದೆಯ ಹೊಗೆಯಲ್ಲಿ ಎಥಿಲೀನ್ ಇರುತ್ತದೆ, ಹೂವೆಲ್ಲ ಉದುರುತ್ತದೆ. ಒಳಗೆ ಮಲಗುವ ಆಳಿಗಂತೂ ಪ್ರಾಣಾಪಾಯ.

ಬೆಳಿಗ್ಗೆ ಮೊದಲ ಕೆಲಸ ಪರದೆ, ಎರಡನೆಯದು ಹನಿ ಬೀಳಿಸುವುದು. ಬಟ್ಟೆ ಸುತ್ತಿದ ಕೋಲಿನಿಂದ ಶೀಟನ್ನು ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಹನಿ ಸೇರಿ ಇಳಿಜಾರಿನಲ್ಲಿ ಜಾರಿ ಪಕ್ಕಕ್ಕೆ ಹೋಗುತ್ತದೆ. ಗಿಡಕ್ಕೂ ಒಂದಿಷ್ಟು ಬೀಳುತ್ತದೆ, ಆದರೆ ದಿನವಿಡೀ ತೊಟ್ಟಿಕ್ಕುವುದಕ್ಕಿಂತ ಒಂದು ಸಲ ಬಿದ್ದು ಒಣಗುವುದು ಮೇಲು. ಶೀಟು ಬದಲಿಸುವ ವರ್ಷ ಹನಿ ಕಟ್ಟದ, ಆಂಟಿ ಡ್ರಿಪ್ ಶೀಟು ಕೇಳಿ. ಕೀಟ ತಡೆಯುವ 40 ಮೆಶ್ ನೆಟ್ಟಿಗೆ ಪಾಚಿ ಮೆತ್ತಿದರೆ ಅದೂ ಗೋಡೆಯೇ, ಹದಿನೈದು ದಿನಕ್ಕೊಮ್ಮೆ ಉಜ್ಜಿ. ಹಳೇ ಫ್ಯಾನ್ ಇದ್ದರೆ ಸಾಲಿನ ತುದಿಗೆ ಇಡಬಹುದು, ಕರೆಂಟಿನ ಕಥೆ ಮಾತ್ರ ನಿಮಗೆ ಗೊತ್ತೇ ಇದೆ.

ನೀರು, ಗೊಬ್ಬರ

ಡ್ರಿಪ್ಪಿನ ಟೈಮರ್ ಇದ್ದರೆ ಆಫ್ ಮಾಡಿ. ಮೋಡದ ದಿನ ಗಿಡ ಕುಡಿಯುವುದು ಬಿಸಿಲ ದಿನದ ಅರ್ಧವೂ ಇಲ್ಲ. ಬುಡದ ಪಕ್ಕ ಬೆರಳುದ್ದ ಆಳದ ಮಣ್ಣು ತೆಗೆದು ಮುಷ್ಟಿ ಕಟ್ಟಿ. ಉಂಡೆ ಗಟ್ಟಿ ನಿಂತು ಅಂಗೈ ಒದ್ದೆಯಾದರೆ ಇವತ್ತು ನೀರಿಲ್ಲ. ಉಂಡೆ ನಿಂತು, ಹೆಬ್ಬೆರಳಲ್ಲಿ ತಳ್ಳಿದರೆ ಒಡೆದರೆ ಸ್ವಲ್ಪ ಕೊಡಿ. ಕೊಡುವುದಿದ್ದರೆ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ, ಮಧ್ಯಾಹ್ನ ಮೂರಾದ ಮೇಲೆ ಬೇಡವೇ ಬೇಡ. ಬೆಳಗಿನ ಜಾವ ಎಲೆಯ ಅಂಚಿನ ಹಲ್ಲುಹಲ್ಲಿಗೆ ಒಂದೊಂದು ಹನಿ ಕೂತಿರುವುದನ್ನು ನೋಡಿದ್ದೀರಲ್ಲ? ಮಂಜು ಅಂದುಕೊಳ್ಳುತ್ತೇವೆ. ಅದು ಬೇರು ತಳ್ಳಿದ ನೀರು, ಹೊರಗೆ ಹೋಗಲು ದಾರಿಯಿಲ್ಲದೆ ಅಂಚಿನಲ್ಲಿ ಉಕ್ಕಿದ್ದು. ದಿನಾ ಕಾಣಿಸಿದರೆ ನೀರು ಹೆಚ್ಚಾಗಿದೆ, ಗಾಳಿ ಕಮ್ಮಿಯಾಗಿದೆ ಎಂದರ್ಥ.

ಗಿಡ ಪೇಲವವಾಗಿದೆ ಅಂತ ಯೂರಿಯಾ, 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಸುರಿಯುವುದು ನಮ್ಮೆಲ್ಲರ ಚಟ. ಬೆಳಕಿಲ್ಲದಾಗ ಸಾರಜನಕ ಕೊಟ್ಟರೆ ಗಿಣ್ಣು ಉದ್ದವಾಗಿ, ಎಲೆ ಅಗಲವಾಗಿ, ಗಿಡ ಕೊಬ್ಬುತ್ತದೆ, ಹೂ ಕಾಣುವುದಿಲ್ಲ, ಆ ಮೆದು ಎಲೆ ರೋಗಕ್ಕೆ ಹಬ್ಬದೂಟ. ಹೂ ಶುರುವಾದ ಗಿಡಕ್ಕೆ ಪೊಟ್ಯಾಷ್ ಹೆಚ್ಚಿರುವ 13-0-45 ಅಥವಾ 0-0-50ಕ್ಕೆ ಬನ್ನಿ, ಪ್ರಮಾಣವನ್ನೂ ಬೇಸಿಗೆಯ ಅರ್ಧಕ್ಕೆ ಇಳಿಸಿ.

ಟೊಮೆಟೊ, ದೊಣ್ಣೆ ಮೆಣಸಿನ ಕಾಯಿಯ ತಳ ಕಪ್ಪಾಗಿ ತಗ್ಗುವುದು ಕ್ಯಾಲ್ಸಿಯಂ ಸಿಗದೆ. ಮಣ್ಣಲ್ಲಿ ಇದ್ದರೂ ಸಿಗದಿರಬಹುದು. ಎಲೆಯಿಂದ ನೀರು ಆವಿಯಾದರೆ ತಾನೇ ಬೇರಿನಿಂದ ನೀರು ಮೇಲೇರುವುದು, ಅದರ ಹೆಗಲೇರಿ ಕ್ಯಾಲ್ಸಿಯಂ ಬರುವುದು? ಒದ್ದೆ ಗಾಳಿಯಲ್ಲಿ ಆ ಓಟವೇ ನಿಂತಿರುತ್ತದೆ. ಹಾಗಾಗಿ ಮೊದಲು ಪರದೆ, ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್. ಇದನ್ನು ಸಲ್ಫೇಟ್, ಫಾಸ್ಫೇಟ್ ಇರುವ ಯಾವ ಗೊಬ್ಬರದ ಜೊತೆಗೂ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ, ಮೊಸರೊಡೆದಂತಾಗಿ ಡ್ರಿಪ್ಪರ್ ಕಟ್ಟುತ್ತದೆ.

ಹೂವಿಗೆ ಒಂದು ತಟ್ಟು

ಟೊಮೆಟೊ ಹೂವಿನೊಳಗೇ ಪರಾಗ ಉದುರಬೇಕು, ಅದಕ್ಕೆ ಅಲುಗಾಟ ಬೇಕು. ಪಾಲಿಹೌಸಿನಲ್ಲಿ ಗಾಳಿಯೂ ಇಲ್ಲ, ಜೇನೂ ಇಲ್ಲ. ತೇವ 80 ದಾಟಿದರೆ ಪರಾಗ ಒದ್ದೆ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಹಾಗಾಗಿ ಹತ್ತರಿಂದ ಎರಡು ಗಂಟೆಯೊಳಗೆ ಮಳೆ ಹೊಳವಾದ ಹೊತ್ತು ನೋಡಿ, ಗಿಡ ಕಟ್ಟಿದ ತಂತಿಗೆ ಕೋಲಿನಿಂದ ಎರಡು ಸಲ ತಟ್ಟಿ. ದಿನ ಬಿಟ್ಟು ದಿನ ಸಾಕು. ನಮ್ಮ ಮನೆಯಲ್ಲಿ ಇದು ಮಕ್ಕಳ ಕೆಲಸ, ಶಾಲೆಗೆ ಮಳೆ ರಜೆ ಕೊಟ್ಟ ದಿನ ತಟ್ಟು ತುಸು ಜೋರೇ ಬೀಳುತ್ತದೆ.

ಕಾಯಿಯ ಆಸೆ ಕಮ್ಮಿ ಮಾಡಿ. ದೊಣ್ಣೆ ಮೆಣಸಿನ ಮೊದಲ ಕವಲಿನ ಹೂ ಚಿವುಟಿ ಹಾಕಿ, ನಾಲ್ಕು ಕವಲಿನ ಬದಲು ಎರಡೇ ಬಿಡಿ. ಟೊಮೆಟೊ ಗೊಂಚಲಿನಲ್ಲಿ ನಾಲ್ಕು ಕಾಯಿ ಉಳಿಸಿ. ಕಂಕುಳ ಚಿಗುರನ್ನು ಬೆರಳುದ್ದ ಆಗುವ ಮೊದಲೇ ತೆಗೆಯಿರಿ, ಕೆಳಗಿನ ಗೊಂಚಲಿನ ಕೆಳಗಿರುವ ಎಲೆಗಳನ್ನೂ. ಇದೆಲ್ಲ ಗಿಡ ಒಣಗಿರುವ ಹೊತ್ತಿನಲ್ಲೇ ಆಗಬೇಕು, ಗಾಯ ಸಂಜೆಯೊಳಗೆ ಆರಬೇಕು. ಒದ್ದೆ ಗಿಡಕ್ಕೆ ಕತ್ತರಿ ಹಾಕಿದರೆ ಗಾಯದಲ್ಲಿ ಬೂದು ಬೂಸ್ಟು ಕೂತು ಕಾಂಡಕ್ಕೇ ಇಳಿಯುತ್ತದೆ.

ಅಂಗಮಾರಿ

ಕೊನೆ ಅಂಗಮಾರಿಯ ಗುರುತು ಹೀಗೆ: ಎಲೆಯ ತುದಿಯಲ್ಲಿ ಎಣ್ಣೆ ಬಿದ್ದಂಥ ಕಪ್ಪು ಹಸಿರು ಕಲೆ, ಬೆಳಿಗ್ಗೆ ಮಗುಚಿ ನೋಡಿದರೆ ಕೆಳಗೆ ಬಿಳಿ ಬೂಸ್ಟಿನ ಗೆರೆ, ಕಾಂಡದಲ್ಲಿ ಕಂದು ಪಟ್ಟೆ. 15ರಿಂದ 22 ಡಿಗ್ರಿ, ರಾತ್ರಿಯಿಡೀ ಒದ್ದೆ ಎಲೆ, ಇಷ್ಟಿದ್ದರೆ ಅದು ಬರುತ್ತದೆ. ನಮ್ಮ ಜುಲೈಯೇ ಅದರ ಜಾತಕ. ಹಾಸನದ ಮುಂಗಾರು ಆಲೂಗಡ್ಡೆಯನ್ನು ಕಾಡುವುದು ಇದೇ, ಹತ್ತಿರದಲ್ಲಿ ಆಲೂ ಹೊಲವಿದ್ದವರು ದುಪ್ಪಟ್ಟು ಎಚ್ಚರ ಇರಬೇಕು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಅನ್ನುವ ರೋಗಾಣು ಇದೆಯಲ್ಲ, ಅದರ ದಾಯಾದಿಯೇ ಇದು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆಗೆ ಹೇಳಿಕೊಟ್ಟ ಬೋರ್ಡೋ ದ್ರಾವಣ ಇಲ್ಲೂ ನಡೆಯುತ್ತದೆ, ಆದರೆ ರೋಗ ಬರುವ ಮುಂಚೆ.

ಅಡಿಕೆಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಟೊಮೆಟೊ ಎಲೆ ಮೆದು, ತುತ್ತ ಸುಣ್ಣ ಎರಡನ್ನೂ ಅರ್ಧ ಮಾಡಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗುಮುರುಗು ಬೇಡ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಸೌತೆಗೆ ಮಾತ್ರ ಹೊಡೆಯಬೇಡಿ, ಎಲೆ ಸುಡುತ್ತದೆ. ಅಂಗಡಿಯ ಔಷಧಿ ಬಳಸುವವರು ಡಬ್ಬಿಯ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂದು ಬರೆದಿರುವುದನ್ನು ಓದಿಯೇ ಹೊಡೆಯಿರಿ, ನಾಳೆ ಸಂತೆಗೆ ಕಾಯಿ ಹೋಗಬೇಕಾದ ಮಡಿಗೆ ಇವತ್ತು ಹೊಡೆದರೆ ಯಾರದೋ ಮನೆಯ ಸಾರಿಗೆ ಹೋಗುತ್ತದೆ.

ರೋಗದ ಗಿಡ ಸಿಕ್ಕರೆ ಅಲ್ಲಾಡಿಸದೆ ಅಲ್ಲೇ ಗೊಬ್ಬರದ ಚೀಲದೊಳಗೆ ಇಳಿಸಿ, ಬಾಯಿ ಕಟ್ಟಿ, ಆಮೇಲೆ ಬುಡ ಕಿತ್ತು ಹೊರಗೆ ಒಯ್ದು ಹೂಳಿ. ತಿಪ್ಪೆಗೆ ಎಸೆಯಬೇಡಿ.

ಶಂಖದ ಹುಳುವಿಗೆ ರಾತ್ರಿ ಒದ್ದೆ ಗೋಣಿತಾಟು ಹಾಸಿ, ಬೆಳಿಗ್ಗೆ ಮಗುಚಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬೇರೆ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಕೊಯ್ಲು, ಬಿಸಿಲು ಮರಳುವ ದಿನ

ಟೊಮೆಟೊ ಗಿಡದಲ್ಲೇ ಕೆಂಪಾಗಲಿ ಎಂದು ಕಾಯಬೇಡಿ. ತಳದಲ್ಲಿ ಎಳೆ ಗುಲಾಬಿ ಬಣ್ಣ ತಿರುಗಿದ ತಕ್ಷಣ ಕೊಯ್ದು ಒರೆಸಿ, ಅಟ್ಟದ ಮೇಲೆ ಪೇಪರು ಹಾಸಿ ಒಂದೇ ಪದರಕ್ಕೆ ಹರಡಿ. ಹಣ್ಣಾಗಲು ಬಿಸಿಲು ಬೇಕಿಲ್ಲ, 20 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಸಾಕು. ಅದರ ಭಾರ ಇಳಿದ ಗಿಡ ಮೇಲಿನ ಗೊಂಚಲಿಗೆ ಕೈ ಹಾಕುತ್ತದೆ. ಬಣ್ಣವೇ ತಿರುಗದ ಕೊನೆ ಕಾಯಿಗಳನ್ನು ಮನೆಯಾಕೆ ಗೊಜ್ಜು ಮಾಡುತ್ತಾಳೆ, ಅಕ್ಕಿರೊಟ್ಟಿಗೆ ಅದರ ಮುಂದೆ ಹಣ್ಣಿನ ಚಟ್ನಿ ಏನೂ ಅಲ್ಲ.

ಆಗಸ್ಟ್ ನಡುವೆ, ಮಘೆಯ ಹೊತ್ತಿಗೆ, ಒಂದು ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಆಕಾಶ ಬಿಚ್ಚಿಕೊಳ್ಳುತ್ತದೆ. ನಮಗೆ ಹಬ್ಬ, ಗಿಡಕ್ಕೆ ಗಂಡಾಂತರ. ಐದಾರು ವಾರ ಮೋಡದಲ್ಲಿ ಬೆಳೆದ ತೆಳು ಎಲೆ, ನೀರಲ್ಲಿ ನೆನೆದ ಸೋಮಾರಿ ಬೇರು. ಹನ್ನೊಂದು ಗಂಟೆಗೆಲ್ಲ ಸಾಲಿಗೆ ಸಾಲೇ ಜೋತುಬೀಳುತ್ತದೆ. ನೀರು ಸಾಲದು ಅಂತ ಡ್ರಿಪ್ ಬಿಟ್ಟು ಮುಳುಗಿಸಬೇಡಿ, ಮುಷ್ಟಿ ಕಟ್ಟಿ ಮಣ್ಣು ನೋಡಿ, ತೇವ ಇರುತ್ತದೆ. ಮೇಯಲ್ಲಿ ಮಡಚಿಟ್ಟ ಶೇಡ್ ನೆಟ್ಟನ್ನು ಹನ್ನೊಂದರಿಂದ ಮೂರರವರೆಗೆ ಮಾತ್ರ ಎಳೆಯಿರಿ, ಎರಡು ದಿನ, ಹೆಚ್ಚೆಂದರೆ ಮೂರು ದಿನ. ನಾಲ್ಕನೇ ದಿನ ತೆಗೆದುಬಿಡಿ. ಹೊಸ ಬಿಳಿಬೇರು ಕಂಡ ಮೇಲೆ ಗೊಬ್ಬರವನ್ನು ವಾರಕ್ಕಿಷ್ಟಿಷ್ಟು ಏರಿಸುತ್ತ ಸೆಪ್ಟೆಂಬರಿಗೆ ಮಾಮೂಲಿ ಪ್ರಮಾಣಕ್ಕೆ ತನ್ನಿ. ಆಗ ನೆಟ್ಟನ್ನು ಮಡಚಿ ಒಳಗೆ ಇಡುವ ಮೊದಲು ಚೆನ್ನಾಗಿ ಒಣಗಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.